ಪೊರಿಗೆರೆಯ ಆಚಾರವ್ಯವಸ್ಥೆ

ಕನ್ನಡ ನಾಡಿನ ಶಾಸನಗಳಲ್ಲಿ ಬಹುಪಾಲು ದಾನಶಾಸನಗಳು ಇಲ್ಲವೆ ವೀರಗಲ್ಲುಗಳು. ದೇವಾಲಯಕ್ಕೆ ಬಿಟ್ಟ ಭೂಮಿಯನ್ನೋ, ತುರುಗಳನ್ನು ಕಾಯುತ್ತ ಮಡಿದ ವೀರನನ್ನೋ ಅವು ಸ್ಮರಿಸುತ್ತವೆ. ಇವುಗಳ ನಡುವೆ ವಿಶಿಷ್ಟವಾಗಿ ನಿಲ್ಲುವುದು, ಒಂದು ಪಟ್ಟಣದ ಪ್ರಜೆಗಳ ಹಾಗೂ ರಾಜಪುರುಷರ ಪರಸ್ಪರ ಹಕ್ಕುಬಾಧ್ಯತೆಗಳನ್ನು ನಿರೂಪಿಸುವ ಲಕ್ಷ್ಮೇಶ್ವರದ ಸ್ತಂಭಶಾಸನ. ಹಾವೇರಿ ಜಿಲ್ಲೆಗೆ ನೆರೆಯದಾದ ಗದಗ ಜಿಲ್ಲೆಯ ಈ ಊರು ಮೇಡ್ಲೇರಿಯ ವಿದ್ಯಾರ್ಥಿಗಳಿಗೆ ಅಪರಿಚಿತವೇನಲ್ಲ. ಪುಲಿಗೆರೆ, ಪೊರಿಗೆರೆ ಎಂಬವು ಇದರ ಪ್ರಾಚೀನ ನಾಮಗಳು. ಪುಲಿಗೆರೆ ಮುನ್ನೂರು ಎಂಬ ನಾಡಿಗೆ ಇದೇ ಮುಖ್ಯಪಟ್ಟಣ.

ಬಾದಾಮಿ ಚಾಲುಕ್ಯ ವಿಜಯಾದಿತ್ಯನು ಆಳುತ್ತಿದ್ದಾಗ, ಸುಮಾರು ಕ್ರಿ.ಶ. 725ರಲ್ಲಿ, ಯುವರಾಜ ವಿಕ್ರಮಾದಿತ್ಯನು ಈ ಶಾಸನವನ್ನು ಹೊರಡಿಸಿದನು. ಇದನ್ನು ಪಡೆದವರು ಮೂರು ವರ್ಗದವರು: ವಿದ್ವಾಂಸರ ಸಭೆಯಾದ ಮಹಾಜನರು, ವಣಿಕರ ಸಂಘವಾದ ನಗರ, ಹಾಗೂ ನಾನಾ ವೃತ್ತಿಗಳ ಜನಸಮುದಾಯವಾದ ಹದಿನೆಂಟು ಪ್ರಕೃತಿಗಳು. ಶಾಸನದಲ್ಲಿ ಇದಕ್ಕೆ 'ಆಚಾರವ್ಯವಸ್ಥೆ' ಎಂಬ ಹೆಸರಿದೆ.

ಇದರಲ್ಲಿ ಮೊದಲು ಬರುವುದು ರಾಜಪುರುಷರ ಕರ್ತವ್ಯ. ವಾಸಿಸುವವರಿಲ್ಲದ ಮನೆಗಳನ್ನು ಅವರು ಕಾಯಬೇಕು. ಅರಸನ ದತ್ತಿ, ರಾಜಾಜ್ಞೆ, ಸತ್ಪುರುಷರ ಸಾಕ್ಷ್ಯ, ನಡೆದುಬಂದ ಮರ್ಯಾದೆ, ತಾಮ್ರಶಾಸನ, ಪೂರ್ವದಿಂದ ಅನುಭವಿಸಿದ ಸ್ವತ್ತು ಇವೆಲ್ಲವನ್ನೂ ರಕ್ಷಿಸಬೇಕು. ಬಳಿಕ ಪ್ರಜೆಗಳ ಬಾಧ್ಯತೆ. ಮನೆತೆರಿಗೆಯು ಎಲ್ಲರಿಗೂ ಒಂದೇ ಅಲ್ಲ. ಉತ್ತಮ ಮನೆತನಕ್ಕೆ 10 ಪಣ, ಮಧ್ಯಮಕ್ಕೆ 7, ಅದಕ್ಕಿಂತ ಕೆಳಗಿನದಕ್ಕೆ 5, ಕಡೆಯದಕ್ಕೆ 3 ಪಣ. ಕಳ್ಳತನ ಮತ್ತು ಕಿರಿಯ ಅಪರಾಧಗಳ ದಂಡ, ಸಂತಾನವಿಲ್ಲದವರ ಸ್ವತ್ತು, ಇವು ಸಲ್ಲಬೇಕಾದುದು ಊರಿನ ಶ್ರೇಣಿಗೆ, ಅಂದರೆ ವೃತ್ತಿಸಂಘಕ್ಕೆ.

ಈ ಕಡೆಯ ಮಾತು ಗಮನಾರ್ಹ. ವಾರಸುದಾರರಿಲ್ಲದ ಸ್ವತ್ತು ಅರಸನ ಬೊಕ್ಕಸವನ್ನು ಸೇರುವುದು ಪ್ರಾಚೀನ ಭಾರತದಲ್ಲಿ ಪ್ರಸಿದ್ಧವಾದ ರೂಢಿ. ಪೊರಿಗೆರೆಯಲ್ಲಿ ಅದು ಊರಿನಲ್ಲಿಯೇ ಉಳಿಯಿತು. ಇಂಗ್ಲೆಂಡಿನ ವಿಲಿಯಂ ದೊರೆಯು ಲಂಡನ್ ಪಟ್ಟಣಿಗರ ಹಕ್ಕುಗಳನ್ನು ಸ್ಥಿರಪಡಿಸಿ ಸನ್ನದು ಕೊಟ್ಟದ್ದು 1067ರಲ್ಲಿ; ಪೊರಿಗೆರೆಯ ವ್ಯವಸ್ಥೆ ಅದಕ್ಕಿಂತ ಸುಮಾರು ಮೂರೂವರೆ ಶತಮಾನ ಹಿಂದಿನದು.

ಇದನ್ನು ಇಂದಿನ ಪ್ರಜಾಪ್ರಭುತ್ವವೆಂದು ಭ್ರಮಿಸಲಾಗದು. ಕೊಟ್ಟವನು ಯುವರಾಜ, ಪಡೆದವರು ಪ್ರಜೆಗಳು. ಆದರೂ ಕೊಡುವ ಕೈ ತನ್ನನ್ನೂ ಕಟ್ಟಿಕೊಂಡಿತೆಂಬುದು ಇದರ ಹಿರಿಮೆ. ತೆರಿಗೆ ಹತ್ತು ಪಣವೆಂದು ಕಲ್ಲಿನಲ್ಲಿ ಬರೆದ ಮೇಲೆ, ಹನ್ನೆರಡು ಕೇಳುವ ಅಧಿಕಾರಿಗೆ ಆ ಕಲ್ಲೇ ಉತ್ತರ. ತೆರುವುದು ಪ್ರಜೆಯ ಧರ್ಮವಾದರೆ, ಮಿತಿಮೀರದೆ ಕಾಯುವುದು ಅಧಿಕಾರದ ಧರ್ಮ. ಅವೆರಡನ್ನೂ ಒಂದೇ ಕಂಬದಲ್ಲಿ ಕೊರೆಯಿಸಿದ ಹಿರಿಯರ ವಿವೇಕವನ್ನು ವಿದ್ಯಾರ್ಥಿಗಳು ಲಕ್ಷ್ಮೇಶ್ವರಕ್ಕೆ ಹೋದಾಗ ನೆನೆಯಬೇಕು.