ಕಚೇರಿಯ ಲೆಕ್ಕದ ದಫ್ತರವನ್ನು ಮನೆಯಿಂದ ನಡೆಸುವ ವಿಧಾನಗಳು

ಸಹಕಾರ ಸಂಘಗಳು, ಹಾಲು ಉತ್ಪಾದಕರ ಸಂಘಗಳು, ದೊಡ್ಡ ಹಿಡುವಳಿದಾರರ ತೋಟದ ಕಚೇರಿಗಳು ಮೊದಲಾದ ಕಡೆಗಳಲ್ಲಿ ಹಿಂದೆ ಖಿರ್ದಿ ಮತ್ತು ಖಾತೆಪುಸ್ತಕಗಳಲ್ಲಿ ಬರೆದಿಡುತ್ತಿದ್ದ ಲೆಕ್ಕಗಳು ಈಗ ಬಹುಮಟ್ಟಿಗೆ ಕಂಪ್ಯೂಟರಿಗೆ ಸೇರಿರುವುದು ವಾಚಕರಿಗೆ ವಿದಿತವಾದ ವಿಷಯವೇ ಸರಿ. ಸದಸ್ಯರ ಷೇರು, ಸಾಲದ ಬಾಕಿ, ಗೊಬ್ಬರದ ದಾಸ್ತಾನು, ಆಳುಗಳ ಕೂಲಿ ಇವೆಲ್ಲವನ್ನೂ ಕ್ರಮವಾಗಿ ಜೋಡಿಸಿಟ್ಟ ಕಣಜಕ್ಕೆ ಡೇಟಾಬೇಸು ಎಂದು ಹೆಸರು. ಕಚೇರಿಯು ಹೋಬಳಿಯ ಊರಿನಲ್ಲಿಯೂ ಲೆಕ್ಕ ನೋಡತಕ್ಕವರ ಮನೆಯು ಎಂಟು ಹತ್ತು ಮೈಲಿ ದೂರದಲ್ಲಿಯೂ ಇರುವುದು ಸಾಮಾನ್ಯ. ಮುಂಗಾರಿನಲ್ಲಿ ಹಳ್ಳ ತುಂಬಿ ದಾರಿ ಕಟ್ಟಿದಾಗ ಮನೆಯಲ್ಲಿಯೇ ಕುಳಿತು ಲೆಕ್ಕ ಬರೆಯಲಾಗದೆ ಎಂಬ ಪ್ರಶ್ನೆ ಏಳುವುದು ಸಹಜ. 2020ರ ಮಾರ್ಚಿಯಲ್ಲಿ ದೇಶದಲ್ಲೆಲ್ಲ ಸಂಚಾರ ನಿಂತಾಗ ಈ ಪ್ರಶ್ನೆಯು ಅನೇಕರಿಗೆ ಒಂದೇ ದಿನದಲ್ಲಿ ಎದುರಾಯಿತು.

ಚಿಕ್ಕ ಕಚೇರಿಗಳಲ್ಲಿ ಹೆಚ್ಚಾಗಿ ಕಾಣುವುದು ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸು. 1992ರಲ್ಲಿ ಹೊರಬಂದ ಇದರಲ್ಲಿ ಇಡೀ ಲೆಕ್ಕವೆಲ್ಲ ಒಂದೇ ಕಡತವಾಗಿರುತ್ತದೆ. ಕಡತವು 2 ಗಿಗಾಬೈಟಿಗೆ ಮೀರುವಂತಿಲ್ಲ. ಸಂಘದ ಲೆಕ್ಕಕ್ಕೆ ಇಷ್ಟು ಬೇಕಾದಷ್ಟಾಯಿತು. ಆದರೆ ಇದರ ಒಂದು ಗುಣವನ್ನು ಚೆನ್ನಾಗಿ ಅರಿತುಕೊಳ್ಳದೆ ಮನೆಯಿಂದ ಕೆಲಸಕ್ಕೆ ಕೈಹಾಕತಕ್ಕದ್ದಲ್ಲ. ಕಡತವಿರುವ ಯಂತ್ರವು ಬರಿಯ ಉಗ್ರಾಣ; ಹುಡುಕುವ, ಕೂಡುವ, ಕಳೆಯುವ ಕೆಲಸವೆಲ್ಲ ಬಳಸುವವನ ಯಂತ್ರದಲ್ಲಿಯೇ ನಡೆಯುತ್ತದೆ. ಹಗೇವಿನಿಂದ ಒಂದು ಸೇರು ರಾಗಿ ಬೇಕಾದವನು ಹಗೇವಿನ ಬಾಯಲ್ಲಿ ಅಳೆಯದೆ, ಮೂಟೆ ಮೂಟೆಯಾಗಿ ಮನೆಗೆ ಹೊರಿಸಿ ಅಲ್ಲಿ ಅಳೆದುಕೊಂಡಂತೆ.

ಅಂತರ್ಜಾಲದ ಮೂಲಕ ಕಚೇರಿಗೂ ಮನೆಗೂ ಗುಪ್ತವಾದ ಕಾಲುವೆಯೊಂದನ್ನು ತೋಡುವ ಉಪಾಯವುಂಟು. ಇದಕ್ಕೆ ವಿಪಿಎನ್ ಎನ್ನುವರು. ಈ ಕಾಲುವೆಯ ಮೂಲಕ ಕಚೇರಿಯ ಆಕ್ಸೆಸ್ ಕಡತವನ್ನು ನೇರವಾಗಿ ತೆರೆಯುವುದೇ ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಇದೇ ಎಲ್ಲಕ್ಕಿಂತ ಕೆಟ್ಟ ದಾರಿಯೂ ಹೌದು. ಕಡತದ ಲೆಕ್ಕವು 4 ಕಿಲೋಬೈಟಿನ ಪುಟಗಳಾಗಿ ಬರುತ್ತದೆ. ಕಚೇರಿಯೊಳಗಿನ ತಂತಿಯಲ್ಲಿ ಒಂದು ಸಲ ಕೇಳಿ ಉತ್ತರ ಪಡೆಯಲು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ. ಮನೆಗೆ ಬರುವ ಸಂಪರ್ಕದಲ್ಲಿ ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗ ಹಿಡಿಯಿತೆಂದು ಎಣಿಸೋಣ. ಒಬ್ಬ ಸದಸ್ಯನ ಬಾಕಿ ತಿಳಿಯಲು 1000 ಸಲ ಹೋಗಿಬರಬೇಕಾದರೆ ಕಚೇರಿಯಲ್ಲಿ ಒಂದು ಸೆಕೆಂಡಿಗೆ ಮುಗಿಯುವ ಕೆಲಸಕ್ಕೆ ಮನೆಯಲ್ಲಿ 50 ಸೆಕೆಂಡು ಬೇಕಾಗುತ್ತದೆ. ಹೆಚ್ಚು ಹಣ ತೆತ್ತು ವೇಗವಾದ ಸಂಪರ್ಕ ಪಡೆದರೂ ಈ ಹೋಗಿಬರುವ ಕಾಲ ಅಷ್ಟಾಗಿ ಕಡಮೆಯಾಗುವುದಿಲ್ಲವೆಂಬುದನ್ನು ಹಣ ತೆತ್ತ ಮೇಲೆಯೇ ಅನೇಕರು ಕಲಿಯುತ್ತಾರೆ.

ನಿಧಾನವನ್ನಾದರೂ ಸಹಿಸಬಹುದು. ಬರೆಯುತ್ತಿರುವಾಗ ನಡುವೆ ಸಂಪರ್ಕ ಕಡಿದರೆ ಅರ್ಧ ಬರೆದ ಪುಟವು ಹಾಗೆಯೇ ನಿಂತು, ಕಡತವೇ ಕೆಡುವ ಸಂಭವವುಂಟು. ಮಲೆನಾಡಿನ ಆಷಾಢದ ಗಾಳಿಯಲ್ಲಿ ವಿದ್ಯುತ್ತು ದಿನಕ್ಕೆ ಎಷ್ಟು ಸಲ ಹೋಗುತ್ತದೆಂಬುದನ್ನು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಕೆಟ್ಟ ಕಡತವನ್ನು ಸರಿಪಡಿಸುವ ಸಾಧನವೊಂದು ಆಕ್ಸೆಸ್‌ನಲ್ಲಿಯೇ ಇದೆ, ನಿಜ. ಆದರೆ ಸರಿಪಡಿಸಿದ ಬಳಿಕ ಕೆಲವು ಸಾಲುಗಳು ಕಾಣೆಯಾಗಿರಬಹುದು. ಕಾಣೆಯಾದ ಸಾಲು ಬಡ ರೈತನೊಬ್ಬನು ಕಟ್ಟಿದ ಕಂತಾಗಿದ್ದು, ಅವನು ರಸೀತಿಯನ್ನು ಕಳೆದುಕೊಂಡಿದ್ದರೆ ಕಟ್ಟಿದ ಹಣಕ್ಕೆ ಎರಡನೆಯ ಸಲ ತಗಾದೆ ಬರುವುದು. ಕಡತವನ್ನು ಗೂಗಲ್ ಡ್ರೈವಿನಂಥ ಸಮಾನ ಪ್ರತಿಗಳ ಉಗ್ರಾಣದಲ್ಲಿಟ್ಟು ಇಬ್ಬರು ತೆರೆಯುವುದೂ ಇಂಥಾದ್ದೇ. ಒಂದಕ್ಕೊಂದು ಹೊಂದದ ಎರಡು ಖಾತೆಪುಸ್ತಕಗಳು ಹುಟ್ಟಿಕೊಂಡು, ಯಾವುದು ನಿಜವೆಂದು ಹೇಳುವವರಿಲ್ಲದಂತಾಗುತ್ತದೆ.

ಚಿಕ್ಕ ಕಚೇರಿಗೆ ಸರಿಬೀಳುವುದು ರಿಮೋಟ್ ಡೆಸ್ಕ್‌ಟಾಪ್ ಎಂಬ ವಿಧಾನ. ಇದರಲ್ಲಿ ಲೆಕ್ಕವು ಕಚೇರಿಯನ್ನು ಬಿಟ್ಟು ಕದಲುವುದೇ ಇಲ್ಲ. ಕಚೇರಿಯ ಯಂತ್ರದ ಪರದೆಯ ಚಿತ್ರ ಮಾತ್ರ ಮನೆಗೆ ಬರುತ್ತದೆ. ಮನೆಯಲ್ಲಿ ಒತ್ತಿದ ಅಕ್ಷರಗಳು ಕಚೇರಿಗೆ ಹೋಗುತ್ತವೆ. ಕೈ ಮನೆಯಲ್ಲಿ, ಲೇಖನಿ ಕಚೇರಿಯಲ್ಲಿ. ನಡುವೆ ಸಂಪರ್ಕ ಕಡಿದರೂ ಕಚೇರಿಯ ಯಂತ್ರದಲ್ಲಿ ಕೆಲಸವು ಬಿಟ್ಟಲ್ಲಿಯೇ ಕಾದಿರುತ್ತದೆ; ಮತ್ತೆ ಸೇರಿಕೊಂಡು ಮುಂದುವರಿಸಬಹುದು. ಕಚೇರಿಯ ಯಂತ್ರದಲ್ಲಿ ವಿಂಡೋಸಿನ ಪ್ರೊ ಎಂಬ ಬಗೆಯಿರಬೇಕು. ಹೋಮ್ ಎಂಬ ಬಗೆಯ ಯಂತ್ರದಿಂದ ಹೊರಗೆ ಸೇರಿಕೊಳ್ಳಬಹುದೇ ಹೊರತು ಅದರೊಳಕ್ಕೆ ಬರಲಾಗದು. ಅಲ್ಲದೆ ಒಂದು ವೇಳೆಗೆ ಒಬ್ಬರೇ ಬಳಸತಕ್ಕದ್ದು. ಮನೆಯಿಂದ ಯಜಮಾನರು ಸೇರಿಕೊಂಡ ಕೂಡಲೇ ಕಚೇರಿಯಲ್ಲಿ ಕುಳಿತ ಗುಮಾಸ್ತನ ಪರದೆಗೆ ಬೀಗ ಬೀಳುವುದು. ಆದಕಾರಣ ಈ ಕೆಲಸಕ್ಕೆ ಬೇರೊಂದು ಯಂತ್ರವನ್ನೇ ಇಡುವುದು ಲೇಸು. ನಾಲ್ಕಾರು ಜನರು ಏಕಕಾಲದಲ್ಲಿ ಬರಬೇಕಾದರೆ ವಿಂಡೋಸ್ ಸರ್ವರೂ ತಲೆಗೊಂದರಂತೆ ಪರವಾನಗಿಯೂ ಬೇಕು; ವೆಚ್ಚ ಏರುತ್ತದೆ.

ಇಲ್ಲಿ ಒಂದು ಕಟ್ಟೆಚ್ಚರಿಕೆ ಅಗತ್ಯ. ಈ ವಿಧಾನವು ಬಳಸುವ 3389 ಎಂಬ ಬಾಗಿಲನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆದಿಡುವುದು ಕೆರೆಯ ತೂಬನ್ನು ಕಿತ್ತಿಟ್ಟು ಮಲಗಿದಂತೆ. 2019ರ ಮೇ ತಿಂಗಳಲ್ಲಿ ಇದರ ಹಳೆಯ ಆವೃತ್ತಿಗಳಲ್ಲಿ ಬ್ಲೂಕೀಪ್ ಎಂಬ ಬಿರುಕು ಕಂಡುಬಂದು, ಆಗಲೇ ಪೋಷಣೆ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟಿನವರು ತೇಪೆ ಒದಗಿಸಬೇಕಾಯಿತು. ಒಳನುಗ್ಗಿದ ಕಳ್ಳರು ಕಡತಗಳಿಗೆ ತಮ್ಮ ಬೀಗ ಜಡಿದು ಬಿಡುಗಡೆಗೆ ಹಣ ಕೇಳುವುದುಂಟು. ಮೊದಲು ವಿಪಿಎನ್ ಕಾಲುವೆ, ಅದರೊಳಗೆ ರಿಮೋಟ್ ಡೆಸ್ಕ್‌ಟಾಪ್, ಹೀಗೆ ಎರಡು ಬಾಗಿಲುಗಳಿರಬೇಕು.

ಎನಿಡೆಸ್ಕ್ ಮುಂತಾದ ಸಾಧನಗಳು ಇದೇ ಕೆಲಸವನ್ನು ಮಧ್ಯಸ್ಥರ ಮೂಲಕ ಸುಲಭವಾಗಿ ಮಾಡಿಕೊಡುತ್ತವೆ. ಆದರೆ ಬ್ಯಾಂಕಿನವರೆಂದು ಹೇಳಿಕೊಂಡು ಫೋನು ಮಾಡಿ, ಇವನ್ನೇ ಹಾಕಿಸಿ, ಖಾತೆಯ ಹಣ ಎತ್ತುವ ವಂಚಕರಿದ್ದಾರೆ. 2019ರ ಫೆಬ್ರವರಿಯಲ್ಲಿ ರಿಜರ್ವ್ ಬ್ಯಾಂಕು ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ತಾವಾಗಿ ಕರೆಯದವರಿಗೆ ಇದರ ಸಂಖ್ಯೆಯನ್ನು ತಿಳಿಸಕೂಡದು.

ಲೆಕ್ಕವು ಬೆಳೆಯುವಂತಿದ್ದರೆ ಕಡತವನ್ನು ಬಿಟ್ಟು ನಿಜವಾದ ಡೇಟಾಬೇಸ್ ಸರ್ವರಿಗೆ ಬದಲಾಯಿಸುವುದುಂಟು. ಪೋಸ್ಟ್‌ಗ್ರೆಸ್, ಮರಿಯಾಡಿಬಿ ಇವು ಪುಕ್ಕಟೆಯಾಗಿ ದೊರೆಯುತ್ತವೆ. ಇಲ್ಲಿ ಉಗ್ರಾಣದಲ್ಲಿಯೇ ಶಾನುಭೋಗನೊಬ್ಬನು ಕುಳಿತಿರುವನೆಂದು ತಿಳಿಯಬೇಕು. ಚೀಟಿ ಕಳುಹಿಸಿದರೆ ಬೇಕಾದ ಸಾಲನ್ನಷ್ಟೇ ಬರೆದು ಕಳುಹಿಸುವನು. ಅರ್ಧದಲ್ಲಿ ಸಂಪರ್ಕ ಹೋದರೆ ಆ ಅರ್ಧ ಬರವಣಿಗೆಯನ್ನು ತಾನೇ ಅಳಿಸುವನು. ಇದರ ಮೇಲೆ ಬ್ರೌಸರಿನ ಮೂಲಕ ನಡೆಯುವ ತಂತ್ರಾಂಶವನ್ನು ಕಟ್ಟಿದರೆ ಮನೆಯಲ್ಲಿ ಬೇರೇನನ್ನೂ ಹಾಕಬೇಕಾಗಿಲ್ಲ. ಕರ್ನಾಟಕದ ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಸೇರಿ, ಮೊದಮೊದಲು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ನಿಂತು ಪಡೆಯುತ್ತಿದ್ದುದನ್ನು ಈಗ ಮನೆಯಲ್ಲಿಯೇ ನೋಡಲಾಗುತ್ತಿರುವುದು ಈ ಮಾರ್ಗದಿಂದಲೇ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಲ್ಲಿ 63,000ವನ್ನು ಒಂದೇ ತಂತ್ರಾಂಶಕ್ಕೆ ತರಲು ಕೇಂದ್ರ ಸರ್ಕಾರವು 2022ರ ಜೂನಿನಲ್ಲಿ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ಅಂಥ ಸಂಘದವರು ತಮ್ಮ ಹಳೆಯ ಕಡತಕ್ಕೆ ಹೊಸದಾಗಿ ವೆಚ್ಚ ಮಾಡುವ ಮೊದಲು ಈ ಬಗ್ಗೆ ವಿಚಾರಿಸುವುದು ವಿಹಿತ.

ಯಾವ ವಿಧಾನವಾದರೂ ಕಚೇರಿಯ ಯಂತ್ರಕ್ಕೆ ಯುಪಿಎಸ್ ಬ್ಯಾಟರಿಯಿಲ್ಲದೆ ನಡೆಯದು. ವಿದ್ಯುತ್ತು ಬಂದೊಡನೆ ಯಂತ್ರವು ತಾನಾಗಿ ಎಚ್ಚರಗೊಳ್ಳುವ ಏರ್ಪಾಟನ್ನೂ ಮಾಡಿಸಿರಬೇಕು. ಇಲ್ಲದಿದ್ದರೆ ಗುಂಡಿ ಒತ್ತುವುದಕ್ಕಾಗಿಯೇ ಎಂಟು ಮೈಲಿ ಹೋಗಬೇಕಾದೀತು. ಪ್ರತಿ ರಾತ್ರಿ ಲೆಕ್ಕದ ನಕಲೊಂದನ್ನು ತೆಗೆದು, ವಾರಕ್ಕೊಮ್ಮೆ ಅದನ್ನು ಕಚೇರಿಯಿಂದ ಹೊರಗೆ ಬೇರೆ ಮನೆಯಲ್ಲಿಡತಕ್ಕದ್ದು. ಮಳೆಗಾಲಕ್ಕೆ ಮುಂಚೆ, ಅಂದರೆ ರೋಹಿಣಿ ಮಳೆಯ ಹೊತ್ತಿಗೆ, ಆ ನಕಲನ್ನು ಬೇರೆ ಯಂತ್ರದಲ್ಲಿ ತೆರೆದು, ಹತ್ತು ಮಂದಿ ಸದಸ್ಯರ ಬಾಕಿಯನ್ನು ಅವರ ಪಾಸುಪುಸ್ತಕಗಳೊಡನೆ ತಾಳೆ ನೋಡಬೇಕು.