ಲಾರಿಯ ಬೆನ್ನಿಗೆ ಬೆಳಕು: ಭೋರ್ ದಾರಿಯಲ್ಲಿ ಓಡಾಡುವ ನಮ್ಮವರು ಗಮನಿಸಬೇಕಾದ ವಿಷಯ

ಭೋರ್ (ಪುಣೆ): ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಪುಣೆಗೆ ಬರುವ ಲಾರಿಗಳು ಸಾತಾರಾ ಹಿಂದಿಕ್ಕಿ, ಖಂಬಾಟಕಿ ದಾಟಿ, ಶಿರವಳದ ಬಳಿ ನೀರಾ ನದಿಯ ಸೇತುವೆ ಮೇಲೆ ಬಂದರೆ ಅಲ್ಲಿಂದ ಭೋರ್ ತಾಲೂಕು ಶುರು. ಸಾರೋಳೆ, ಕಿಕ್ವಿ, ಕಾಪೂರಹೋಳ, ನಸ್ರಾಪುರ ಫಾಟಾ ಎಂದು ಹೆದ್ದಾರಿ ಮುಂದೆ ಸಾಗುತ್ತದೆ. ಹಳೆಯ ಚಾಲಕರು ಈಗಲೂ ಅದನ್ನು ಎನ್.ಎಚ್. 4 ಎಂದೇ ಕರೆಯುತ್ತಾರೆ, ಸರಕಾರಿ ಲೆಕ್ಕದಲ್ಲಿ ಅದು 48. ಕಾಪೂರಹೋಳದಲ್ಲಿ ಎಡಕ್ಕೆ ಹೊರಳಿದರೆ ಭೋರ್ ಪೇಟೆ. ಪಂತ ಸಚಿವರ ಮನೆತನ ಆಳಿದ ಈ ಚಿಕ್ಕ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ನಮ್ಮ ಜಮಖಂಡಿ, ಮುಧೋಳ, ರಾಮದುರ್ಗಗಳೂ ಅದೇ ಕಾಲಕ್ಕೆ ಅದೇ ಪ್ರಾಂತ್ಯಕ್ಕೆ ಸೇರಿದ್ದವು ಎಂಬುದು ಓದುಗರಿಗೆ ತಿಳಿದ ಸಂಗತಿ.

ಈ ತಾಲೂಕಿನ ಪೂರ್ವಕ್ಕೆ ಹಗಲೂ ರಾತ್ರಿ ನಿದ್ರೆಯಿಲ್ಲದ ಹೆದ್ದಾರಿ. ಪಶ್ಚಿಮಕ್ಕೆ ಸಹ್ಯಾದ್ರಿಯ ಮಳೆ, ಭತ್ತದ ಗದ್ದೆ, ನೀರಾ ದೇವಘರ ಜಲಾಶಯದ ದಂಡೆಗುಂಟ ಸಾಗಿ ಮಹಾಡಕ್ಕೆ ಇಳಿಯುವ ವರಂಧಾ ಘಾಟ್. ಮಳೆಗಾಲದಲ್ಲಿ ಗುಡ್ಡ ಕುಸಿಯುವ ಭಯದಿಂದ ಈ ಘಾಟ್‌ನಲ್ಲಿ ಭಾರೀ ವಾಹನಗಳ ಸಂಚಾರವನ್ನು ಜಿಲ್ಲಾಡಳಿತ ನಿಲ್ಲಿಸುವುದುಂಟು. ಫಲಕ ನೋಡದೆ ಮುಂದೆ ಹೋದ ಲಾರಿ ಅಂಥ ದಿನ ತಿರುಗಿಸಲು ಜಾಗ ಹುಡುಕುತ್ತ ಹಿಂದಕ್ಕೆ ಬರಬೇಕಾಗುತ್ತದೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಮೇಲೆ ಮಂಜು.

ಲಾರಿ ಮುಂದಕ್ಕೆ ಓಡಿಸುವುದಕ್ಕೆ ಎರಡು ದೊಡ್ಡ ದೀಪಗಳಿವೆ. ಹಿಂದಕ್ಕೆ ಬರುವಾಗ ಏನಿದೆ? ಕಂಪನಿಯಿಂದ ಬರುವ ರಿವರ್ಸ್ ಲೈಟ್ ಸಾಮಾನ್ಯವಾಗಿ 21 ವ್ಯಾಟ್‌ನ ಬಲ್ಬು. ಕೆಂಪು ದೀಪದ ಪಕ್ಕದಲ್ಲಿ, ಅಂಗೈ ಅಗಲದ ಗಾಜಿನ ಹಿಂದೆ ಅದು ಕೂತಿರುತ್ತದೆ. ಹಿಂದಿನವರಿಗೆ ‘ಲಾರಿ ಹಿಂದೆ ಬರುತ್ತಿದೆ’ ಎಂದು ತಿಳಿಸುವುದಷ್ಟೇ ಅದರ ಮುಖ್ಯ ಕೆಲಸ. ಚಾಲಕನಿಗೆ ದಾರಿ ತೋರಿಸುವಷ್ಟು ತ್ರಾಣ ಅದಕ್ಕಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಕೆಸರು ಮೆತ್ತಿ ಇದ್ದ ಬೆಳಕೂ ಅರ್ಧವಾಗುತ್ತದೆ.

ಆ ಕೊರತೆಯನ್ನು ಇಷ್ಟು ವರ್ಷ ತುಂಬಿದವನು ಕ್ಲೀನರ್. ಲಾರಿಯ ಹಿಂದೆ ನಿಂತು, ಒಂದು ಕೈಯಿಂದ ಬಾಡಿ ಬಡಿಯುತ್ತ ‘ಬರ್ಲಿ, ಬರ್ಲಿ, ಬರ್ಲಿ’ ಎನ್ನುವ ಹುಡುಗ. ಮರಾಠಿ ಹುಡುಗನಾದರೆ ‘ಯೇಊ ದ್ಯಾ, ಯೇಊ ದ್ಯಾ’. ಭಾಷೆ ಬೇರೆಯಾದರೂ ನಿಲ್ಲುವ ಜಾಗ ಒಂದೇ, ಗೋಡೆ ಮತ್ತು ಲಾರಿಯ ನಡುವೆ. ಕಾಲು ಜಾರಿದರೆ, ಚಾಲಕನ ಕಿವಿಗೆ ‘ಸಾಕ್’ ಎಂಬ ಮಾತು ಇಂಜಿನ್ ಸದ್ದಿನಲ್ಲಿ ಬೀಳದಿದ್ದರೆ, ಮುಂದೇನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಈಗಂತೂ ಖರ್ಚು ಉಳಿಸಲು ಕ್ಲೀನರ್ ಇಲ್ಲದೆಯೇ ಓಡುವ ಲಾರಿಗಳು ಹೆಚ್ಚಾಗಿವೆ. ಹಿಂದೆ ಕೂಗುವವರೂ ಇಲ್ಲ, ಬೆಳಕೂ ಇಲ್ಲ ಎಂಬ ಸ್ಥಿತಿ.

ಪುಣೆಯ ಸುತ್ತಮುತ್ತ ಕಟ್ಟಡ ಕೆಲಸಕ್ಕೆ ಬಂದಿರುವ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕುಟುಂಬಗಳ ವಿಷಯವನ್ನೂ ಇಲ್ಲಿ ಹೇಳಲೇಬೇಕು. ಕೆಲಸದ ಜಾಗದಲ್ಲೇ ತಗಡಿನ ಜೋಪಡಿ, ಅದರ ಮುಂದೆಯೇ ಮಕ್ಕಳ ಆಟ. ಸೆಖೆಯ ರಾತ್ರಿ ಅಂಗಳದಲ್ಲೇ ಮಲಗುತ್ತಾರೆ. ಮರಳು, ಜಲ್ಲಿ ತರುವ ಟಿಪ್ಪರ್‌ಗಳು ಬರುವುದೂ ರಾತ್ರಿಯೇ, ಬಂದು ಸುರಿಯುವುದು ಹಿಂದಕ್ಕೆ ಸರಿದೇ. ನಮ್ಮ ಸಂಘಗಳ ಸಭೆಗಳಲ್ಲಿ ಶಾಲೆ, ಭವನ, ವಿದ್ಯಾರ್ಥಿವೇತನ ಇವುಗಳ ಚರ್ಚೆ ಆಗುತ್ತದೆ, ಆಗಲೂ ಬೇಕು. ಆದರೆ ಸದಸ್ಯರಲ್ಲಿ ಲಾರಿ ಮಾಲಕರಿದ್ದಾರೆ, ಕಂತ್ರಾಟುದಾರರಿದ್ದಾರೆ, ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಿಂದ ಮುಂಜಾನೆ ತರಕಾರಿ ತರಿಸುವ ಹೊಟೇಲಿನವರಿದ್ದಾರೆ. ಇವರೆಲ್ಲರ ಅಂಗಳಕ್ಕೂ ಒಂದಿಲ್ಲೊಂದು ಲಾರಿ ಹಿಂದಕ್ಕೆ ಬರುತ್ತದೆ.

ಪರಿಹಾರ ದುಬಾರಿಯದೇನಲ್ಲ. ಹೆಚ್ಚುವರಿ ರಿವರ್ಸ್ ಲೈಟ್ ಎರಡು, ಒಂದು ರಿಲೇ, ಒಂದು ಫ್ಯೂಜ್, ಹತ್ತು-ಹನ್ನೆರಡು ಮೀಟರ್ ವೈರು. ಒಂದು ಟಯರಿನ ಬೆಲೆಯ ಮುಂದೆ ಇದು ಲೆಕ್ಕಕ್ಕೇ ಬಾರದ ಖರ್ಚು. ಹೆದ್ದಾರಿ ಬದಿಯ ಆಟೋ ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಮುಗಿಸುವ ಕೆಲಸ. ಆದರೆ ಹೇಗೆ ಮುಗಿಸುತ್ತಾನೆ ಎಂಬುದನ್ನು ಮಾಲಕ ಪಕ್ಕದಲ್ಲಿ ನಿಂತು ನೋಡುವುದು ಒಳ್ಳೆಯದು. ಏಕೆಂದರೆ ಸುಲಭದ ದಾರಿ ಒಂದಿದೆ, ಅದು ತಪ್ಪು ದಾರಿ.

ಸುಲಭದ ದಾರಿ ಎಂದರೆ ಹಳೆಯ ರಿವರ್ಸ್ ಬಲ್ಬಿನ ವೈರಿಗೇ ಹೊಸ ದೀಪಗಳನ್ನು ಜೋಡಿಸಿ ಟೇಪು ಸುತ್ತಿಬಿಡುವುದು. ಗೇರ್ ಬಾಕ್ಸಿನ ಮೇಲೆ ಒಂದು ಚಿಕ್ಕ ಸ್ವಿಚ್ ಇರುತ್ತದೆ. ರಿವರ್ಸ್ ಗೇರ್ ಬಿದ್ದಾಗ ಅದು ಒತ್ತಲ್ಪಟ್ಟು ಬಲ್ಬಿಗೆ ಕರೆಂಟ್ ಹೋಗುತ್ತದೆ. ಆ ಸ್ವಿಚ್, ಆ ತೆಳು ವೈರು ಎರಡೂ ಕಂಪನಿಯ ಬಲ್ಬಿನ ಹೊರೆಗಷ್ಟೇ ತಯಾರಾದವು. ಲೆಕ್ಕ ಕಷ್ಟದ್ದಲ್ಲ, ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ದೊಡ್ಡ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್. 21 ವ್ಯಾಟಿನ ಬಲ್ಬು ಎಳೆಯುವುದು ಒಂದು ಆಂಪಿಯರಿಗೂ ಕಡಿಮೆ. ಅದೇ ಜಾಗಕ್ಕೆ 70 ವ್ಯಾಟಿನ ಎರಡು ಹ್ಯಾಲೋಜನ್ ಸೇರಿಸಿದರೆ 140 ವ್ಯಾಟ್, ಹೆಚ್ಚುಕಡಿಮೆ ಆರು ಆಂಪಿಯರ್. ಸ್ವಿಚ್ಚಿನ ಒಳಗಿನ ತುದಿಗಳು ಸುಟ್ಟು ಒಂದು ದಿನ ಹೊಸ ದೀಪವೂ ಇಲ್ಲ, ಹಳೆಯದೂ ಇಲ್ಲ ಎಂದಾಗುತ್ತದೆ. ವೈರು ಬಿಸಿಯಾಗಿ ಕರಗಿದರೆ ಅದು ಬೇರೆಯದೇ ಕಥೆ.

ಆದ್ದರಿಂದ ನಡುವೆ ರಿಲೇ ಬೇಕು. ದೊಡ್ಡ ಸಾಹೇಬರ ಸಹಿ ಹೊತ್ತು ಬಂದ ಚೀಟಿ ನೋಡಿ ಕ್ಯಾಶಿಯರ್ ಹಣ ಕೊಡುವಂತೆ, ಗೇರ್ ಬಾಕ್ಸಿನಿಂದ ಬರುವ ಸಣ್ಣ ಕರೆಂಟು ಅಪ್ಪಣೆ ಮಾತ್ರ ಕೊಡುತ್ತದೆ, ದೊಡ್ಡ ಕರೆಂಟು ಬ್ಯಾಟರಿಯಿಂದ ನೇರ ಬರುತ್ತದೆ. ರಿಲೇಯ ಕೆಳಗೆ ಅಂಕಿಗಳು ಕೆತ್ತಿರುತ್ತವೆ. 86ಕ್ಕೆ ಹಳೆಯ ರಿವರ್ಸ್ ಬಲ್ಬಿನ ವೈರಿನ ಕವಲು, 85 ಚಾಸಿಗೆ ಅರ್ಥ್, 30ಕ್ಕೆ ಬ್ಯಾಟರಿಯಿಂದ ಫ್ಯೂಜ್ ಮೂಲಕ ಬರುವ ವೈರು, 87ರಿಂದ ದೀಪಗಳಿಗೆ. ಕೊಳ್ಳುವಾಗ 24 ವೋಲ್ಟಿನ ರಿಲೇ ಎಂದು ಕೇಳಿಯೇ ಕೊಳ್ಳಬೇಕು. ಕಾರಿನ 12 ವೋಲ್ಟಿನದು ನೋಡಲು ಹಾಗೇ ಇರುತ್ತದೆ, ಲಾರಿಯಲ್ಲಿ ಬಹಳ ದಿನ ಬಾಳದು.

ದೀಪ ಎಲ್‌ಇಡಿ ಆದರೆ ಹೊರೆ ಇನ್ನೂ ಹಗುರ. 27 ವ್ಯಾಟಿನ ಎರಡು ದೀಪ ಸೇರಿ 54 ವ್ಯಾಟ್, ಅಂದರೆ ಎರಡೂಕಾಲು ಆಂಪಿಯರ್. 5 ಆಂಪಿಯರ್ ಫ್ಯೂಜ್, ಒಂದೂವರೆ ಚದರ ಮಿಲಿಮೀಟರ್ ತಾಮ್ರದ ವೈರು ಧಾರಾಳ ಸಾಕು. ಹಲವು ಎಲ್‌ಇಡಿ ದೀಪಗಳ ಮೇಲೆ 10ರಿಂದ 30 ವೋಲ್ಟ್ ಎಂದು ಬರೆದಿರುತ್ತದೆ. ಅವು ಕಾರಿಗೂ ಸೈ, ಲಾರಿಗೂ ಸೈ. ಮನೆಯಲ್ಲಿ ಬಿದ್ದಿರುವ 12 ವೋಲ್ಟಿನ ದೀಪವನ್ನು ಎರಡು ಬ್ಯಾಟರಿಗಳ ಪೈಕಿ ಒಂದರಿಂದ ಮಾತ್ರ ಉರಿಸುವ ಚಾಳಿ ಕೆಲವರಿಗಿದೆ. ಇದರಿಂದ ಒಂದು ಬ್ಯಾಟರಿ ಹೆಚ್ಚು ಇಳಿದು ಇನ್ನೊಂದು ಹೆಚ್ಚು ಏರುತ್ತದೆ, ಕೊನೆಗೆ ಎರಡೂ ಬೇಗ ಹಾಳಾಗುತ್ತವೆ. ಉಳಿಸಿದ್ದು ನೂರು, ಕಳೆದದ್ದು ಸಾವಿರಗಳು.

ಫ್ಯೂಜ್ ಎಲ್ಲಿರಬೇಕು? ಬ್ಯಾಟರಿಯ ಪಕ್ಕದಲ್ಲೇ. ಹಿಂದೆ ದೀಪದ ಹತ್ತಿರ ಹಾಕಿದರೆ ನಡುವಿನ ಏಳೆಂಟು ಮೀಟರ್ ವೈರಿಗೆ ಕಾವಲೇ ಇಲ್ಲದಂತಾಯಿತು. ಅದು ಚಾಸಿಯ ಅಂಚಿಗೆ ಉಜ್ಜಿ ಸಿಪ್ಪೆ ಹೋದರೆ ಬೆಂಕಿ. ವೈರನ್ನು ಪ್ಲಾಸ್ಟಿಕ್ ಕೊಳವೆಯೊಳಗೆ ಹಾಕಿ, ಸೈಲೆನ್ಸರಿನಿಂದ ದೂರವಿಟ್ಟು, ಗೇಣು ಗೇಣಿಗೆ ಕಟ್ಟಬೇಕು. ಬ್ರೇಕಿನ ಗಾಳಿ ಪೈಪಿಗೆ ಮಾತ್ರ ಕಟ್ಟಕೂಡದು. ಅರ್ಥ್ ಕೊಡುವ ಜಾಗದ ಬಣ್ಣ ಕೆರೆದು, ಹೊಳೆಯುವ ಕಬ್ಬಿಣಕ್ಕೆ ಬೋಲ್ಟು ಬಿಗಿದು, ಮೇಲೆ ಗ್ರೀಸು ಹಚ್ಚಬೇಕು. ದೀಪ ಮಿಣುಕುತ್ತಿದೆ ಎಂದು ಬರುವ ದೂರುಗಳಲ್ಲಿ ಹೆಚ್ಚಿನವು ಕೆಟ್ಟ ಅರ್ಥ್‌ನಿಂದ ಹುಟ್ಟಿದವೇ.

ಚಾಸಿಗೆ ಸಿಕ್ಕಸಿಕ್ಕಲ್ಲಿ ತೂತು ಕೊರೆಯುವುದನ್ನು ಯಾವ ಲಾರಿ ಕಂಪನಿಯೂ ಒಪ್ಪುವುದಿಲ್ಲ. ಅದರಲ್ಲೂ ಉದ್ದ ತೊಲೆಯ ಮೇಲಂಚು, ಕೆಳಅಂಚು ಮುಟ್ಟಲೇಬಾರದು. ಲಾರಿಯ ಭಾರವೆಲ್ಲ ಅಲ್ಲಿ ಎಳೆಯುತ್ತಿರುತ್ತದೆ, ತೂತಿನಿಂದ ಬಿರುಕು ಶುರುವಾಗುತ್ತದೆ. ಇರುವ ತೂತಿಗೆ ಬ್ರಾಕೆಟ್ ಕಟ್ಟುವುದೇ ಸರಿ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಲಾರಿಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಹೆಚ್ಚು. ಅಲ್ಲಿ ವೈರು ಕತ್ತರಿಸುವ ಮೊದಲು ಅಧಿಕೃತ ಸರ್ವಿಸ್‌ನವರನ್ನು ಕೇಳುವುದು ಮೇಲು, ವಾರಂಟಿ ಉಳಿಯಬೇಕಲ್ಲ.

ಇನ್ನು ಜಾಗ. ಹಿಂದಿನ ಹಲಗೆ ಬಾಗಿಲಿಗೆ ಕೂಡಿಸಿದರೆ ಬಾಗಿಲು ಇಳಿಸಿದ ದಿನವೇ ದೀಪ ಪುಡಿ. ಟಿಪ್ಪರ್‌ನ ಎತ್ತುವ ತೊಟ್ಟಿಗೂ ಬೇಡ. ಚಾಸಿಯ ಕಡೆಯ ಅಡ್ಡ ತೊಲೆಯ ಕೆಳಗೆ, ಎಡಕ್ಕೊಂದು ಬಲಕ್ಕೊಂದು, ಹಿಂದಿನ ತಡೆಗಂಬಿಗಿಂತ ಒಳಗೆ ಇದ್ದರೆ ಪೆಟ್ಟು ತಾಗದು. ನಂಬರ್ ಪ್ಲೇಟ್, ಕೆಂಪು ಹೊಳೆಯುವ ಪಟ್ಟಿ ಮುಚ್ಚಕೂಡದು. ಬೆಳಕು ನೆಲಕ್ಕೆ ಬಾಗಿರಬೇಕು. ಲಾರಿಯ ಹಿಂದೆ ಮೂರು ಮೀಟರಿನಿಂದ ಹತ್ತು ಮೀಟರಿನವರೆಗೆ ನೆಲ ಕಂಡರೆ ಸಾಕು, ಆಕಾಶ ಕಾಣುವ ಅಗತ್ಯವಿಲ್ಲ. ಒಬ್ಬರು ಚಾಲಕನ ಸೀಟಿನಲ್ಲಿ ಕೂತು ಎರಡೂ ಕನ್ನಡಿಗಳಲ್ಲಿ ನೋಡಬೇಕು, ಹಿಂದಿನ ಗಾಲಿಯ ಪಕ್ಕದ ನೆಲ ಸ್ಪಷ್ಟ ಕಾಣಬೇಕು. ವರಂಧಾದಂಥ ಮಂಜಿನ ದಾರಿಯಲ್ಲಿ ಎತ್ತರದ ದೀಪ ಬಿಳಿ ಗೋಡೆ ಎಬ್ಬಿಸುತ್ತದೆ, ತಗ್ಗಿನ ದೀಪಕ್ಕೆ ಆ ದೋಷ ಕಡಿಮೆ.

ಕಾನೂನಿನ ಮಾತು ಒಂದಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವವರೇ ಹೆಚ್ಚು. ರಿವರ್ಸ್ ಗೇರ್ ಬಿದ್ದಾಗ ತಾನಾಗಿ ಹತ್ತಿ, ಗೇರ್ ತೆಗೆದಾಗ ತಾನಾಗಿ ಆರಬೇಕು ಎಂಬುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಆಶಯ. ಕೆಲವರು ಕ್ಯಾಬಿನ್ನಿನಲ್ಲಿ ಬೇರೆ ಸ್ವಿಚ್ ಇಡಿಸಿಕೊಂಡು, ಹಿಂದೆ ಅಂಟಿಕೊಂಡು ಬರುವ ಕಾರಿನವನ ಕಣ್ಣಿಗೆ ಬೆಳಕು ಹೊಡೆಯುತ್ತಾರೆ. ರಾತ್ರಿ ಕೆಂಪು ಕಂಡರೆ ಮುಂದೆ ಹೋಗುವ ವಾಹನ, ಬಿಳಿ ಕಂಡರೆ ಎದುರು ಬರುವ ವಾಹನ ಎಂದು ಕಣ್ಣಿಗೆ ಅಭ್ಯಾಸ. ಕಾತ್ರಜ ಇಳಿಜಾರಿನಲ್ಲಿ ಆ ಅಭ್ಯಾಸ ಅರೆ ಕ್ಷಣ ತಪ್ಪಿದರೂ ಸಾಕು. ಇಂಥ ಸ್ವಿಚ್ ಬೇಕೆಂದು ಕೇಳುವವರಿಗೆ ಮೆಕ್ಯಾನಿಕ್ ಕೈ ಮುಗಿದು ಕಳಿಸುವುದು ಲೇಸು. ವಾಹನದಲ್ಲಿ ಮಾಡುವ ಬದಲಾವಣೆಗಳ ಬಗ್ಗೆ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿದೆ. ಸಂಶಯವಿದ್ದರೆ ಫಿಟ್‌ನೆಸ್‌ಗೆ ಹೋಗುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡರೆ ಎರಡು ಸಲ ಓಡಾಟ ತಪ್ಪುತ್ತದೆ.

ಮನುಷ್ಯನ ನೆನಪಿನ ಮೇಲೆ ಬಿಡದೆ ಯಂತ್ರ ತಾನೇ ಮಾಡಲಿ ಎಂಬ ವಿಚಾರ ಪುಣೆಗೆ ಹೊಸದಲ್ಲ. ಇದೇ ಜಿಲ್ಲೆಯ ಖಡಕವಾಸಲಾದಲ್ಲಿ 1903ರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ನೀರು ಮಟ್ಟ ಮೀರಿದಾಗ ತಾವೇ ತೆರೆದು, ಇಳಿದಾಗ ತಾವೇ ಮುಚ್ಚುವ ಬಾಗಿಲುಗಳನ್ನು ಅಳವಡಿಸಿದ್ದು ಕನ್ನಡಿಗರೆಲ್ಲ ಹೆಮ್ಮೆಯಿಂದ ಹೇಳುವ ಸಂಗತಿ. ಗೇರಿನೊಂದಿಗೆ ಹತ್ತುವ ದೀಪ ಅದರ ಮುಂದೆ ತೀರಾ ಚಿಕ್ಕದು, ಧೋರಣೆ ಮಾತ್ರ ಅದೇ.

ಬೆಳಕು ಬಂತೆಂದು ಹಿಂದೆ ನಿಲ್ಲುವವನ ಅಪಾಯ ಪೂರ್ತಿ ತಪ್ಪಿತೆಂದು ತಿಳಿಯುವಂತಿಲ್ಲ. ಕನ್ನಡಿಗೆ ಕಾಣದ ಜಾಗ ಬೆಳಕಿದ್ದರೂ ಕಾಣುವುದಿಲ್ಲ. ಕ್ಲೀನರ್ ಲಾರಿಯ ನೇರ ಹಿಂದೆ ನಿಲ್ಲದೆ, ಚಾಲಕನ ಬದಿಯ ಕನ್ನಡಿಯಲ್ಲಿ ಕಾಣುವಂತೆ ಪಕ್ಕಕ್ಕೆ ನಿಲ್ಲಬೇಕು. ಕನ್ನಡಿಯಲ್ಲಿ ಅವನು ಮರೆಯಾದ ಕ್ಷಣ ಬ್ರೇಕು. ಜತೆಗೆ ಬೀಪ್ ಬೀಪ್ ಎನ್ನುವ ಹಾರ್ನ್ ಇದ್ದರೆ ಉತ್ತಮ. ಸಿನಿಮಾ ಹಾಡಿನ ಟ್ಯೂನ್ ಬೇಡ, ಮಕ್ಕಳು ಅದನ್ನು ಕೇಳಿ ದೂರ ಸರಿಯುವ ಬದಲು ಹತ್ತಿರ ಬರುತ್ತಾರೆ.

ಕೆಲಸ ಮುಗಿದ ಮೇಲೆ ಪರೀಕ್ಷೆ ಹೀಗೆ: ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ ರಿವರ್ಸ್ ಗೇರ್ ಹಾಕಬೇಕು. ಹೊಸ ದೀಪದ ಜತೆ ಹಳೆಯ ಬಲ್ಬೂ ಉರಿಯಬೇಕು. ನ್ಯೂಟ್ರಲ್‌ಗೆ ತಂದರೆ ಎರಡೂ ಆರಬೇಕು. ಬ್ರೇಕ್ ತುಳಿದಾಗ, ಇಂಡಿಕೇಟರ್ ಹಾಕಿದಾಗ ಹೊಸ ದೀಪ ಮಿಂಚಿದರೆ ಎಲ್ಲೋ ಅರ್ಥ್ ತಪ್ಪಿದೆ ಎಂದು ಅರ್ಥ. ಎಲ್‌ಇಡಿ ಹ್ಯಾಲೋಜನ್‌ನಷ್ಟು ಬಿಸಿಯಾಗದ ಕಾರಣ ಅದರ ಗಾಜಿನ ಮೇಲಿನ ಕೆಸರು, ಇಬ್ಬನಿ ತಾನಾಗಿ ಒಣಗುವುದಿಲ್ಲ. ಭೋರ್‌ನ ಪಶ್ಚಿಮ ಭಾಗದಲ್ಲಿ ಮಳೆಗಾಲದಲ್ಲಿ ಓಡಾಡುವವರು ಚಹಾಕ್ಕೆ ಇಳಿದಾಗಲೆಲ್ಲ ಒಂದು ಬಟ್ಟೆ ಎಳೆಯಬೇಕು. ಎರಡು ಬಿಡಿ ಫ್ಯೂಜುಗಳನ್ನು ಡ್ಯಾಶ್‌ಬೋರ್ಡಿನಲ್ಲಿಟ್ಟು, ಯಾವ ವೈರು ಯಾವುದಕ್ಕೆ ಎಂದು ರಿಲೇ ಡಬ್ಬಿಯ ಮುಚ್ಚಳದ ಒಳಗೆ ಬರೆದು ಅಂಟಿಸಿದರೆ, ಮುಂದೆ ಯಾವುದೋ ಊರಿನ ಯಾರೋ ಮಿಸ್ತ್ರಿ ಅದನ್ನು ಬಿಚ್ಚಿದಾಗ ಹುಡುಕಾಡುವ ಕೆಲಸ ಇರುವುದಿಲ್ಲ.