ಬುಝುಕಿಯ ಹೊಸ ಊರು

ಬುಝುಕಿ ಎಂಬ ವಾದ್ಯದ ಹೆಸರು ಕೇಳಿದ್ದೀರಾ? ಇದು ಗ್ರೀಸ್ ದೇಶದ್ದು. ಕುತ್ತಿಗೆ ಉದ್ದ. ಹಿಂಬದಿ ದುಂಡಗೆ, ಅರ್ಧ ಕುಂಬಳಕಾಯಿಯ ಹಾಗೆ. ತಂತಿಗಳು ಜೋಡಿ ಜೋಡಿಯಾಗಿ ಇರುತ್ತವೆ. ಹಳೆಯ ಬಗೆಗೆ ಮೂರು ಜೋಡಿ, ಆಮೇಲೆ ಬಂದದ್ದಕ್ಕೆ ನಾಲ್ಕು ಜೋಡಿ.

ಐರ್ಲೆಂಡ್ ದೇಶ ಅಲ್ಲಿಂದ ಬಲು ದೂರ. ಅಲ್ಲಿನ ಹಳ್ಳಿಯ ಕುಣಿತಕ್ಕೆ ಪಿಟೀಲು, ಕೊಳಲು, ಚೀಲಕ್ಕೆ ಗಾಳಿ ತುಂಬಿ ನುಡಿಸುವ ವಾದ್ಯ ಇದ್ದವು. ಅವರ ನಡುವೆ ಬುಝುಕಿಗೆ ಏನು ಕೆಲಸ?

1960ರ ದಶಕದ ನಡುವೆ ಜಾನಿ ಮೊಯ್ನಿಹಾನ್ ಎಂಬ ಹಾಡುಗಾರರು ಅದನ್ನು ಕೈಗೆತ್ತಿಕೊಂಡರು. ಮೊದಲು ಬದಲಾಯಿಸಿದ್ದು ಶ್ರುತಿಯನ್ನು. ನಮ್ಮ ಸರಿಗಮದ ಲೆಕ್ಕದಲ್ಲಿ ಹೇಳುವುದಾದರೆ, ನಾಲ್ಕು ಜೋಡಿ ತಂತಿಗೆ ಕೆಳಗಿನ ಮ, ಆಮೇಲೆ ಸ, ಪ, ಮೇಲಿನ ಸ. ಯಾಕೆ ಹೀಗೆ? ಐರ್ಲೆಂಡಿನ ಬಹಳಷ್ಟು ಧಾಟಿಗಳು ಈ ಸ ಅಥವಾ ಈ ಮ ಸ್ವರವನ್ನು ಆಧಾರ ಮಾಡಿಕೊಂಡಿವೆ. ಹೀಗೆ ಶ್ರುತಿ ಮಾಡಿದರೆ ಬೆರಳು ಒತ್ತದೆ ಬಿಟ್ಟ ತಂತಿಯೂ ಹಾಡಿಗೆ ಸೇರಿಕೊಳ್ಳುತ್ತೆ. ವಾಲಗದಲ್ಲಿ ಒಬ್ಬರು ಹಾಡು ನುಡಿಸ್ತಾರೆ, ಇನ್ನೊಬ್ಬರು ಶ್ರುತಿ ಊದುತ್ತಲೇ ಇರ್ತಾರೆ, ನೋಡಿದ್ದೀರಲ್ಲ? ಇಲ್ಲಿ ಎರಡೂ ಕೆಲಸ ಒಬ್ಬರದೇ.

ಇನ್ನೊಂದು ತೊಡಕಿತ್ತು. ಗ್ರೀಸಿನ ವಾದ್ಯದಲ್ಲಿ ದಪ್ಪ ತಂತಿಯ ಪಕ್ಕ ಸಣ್ಣ ತಂತಿ ಇರುತ್ತೆ. ಒಂದು ಕೆಳಗಿನ ಸ ಅಂದರೆ ಇನ್ನೊಂದು ಮೇಲಿನ ಸ ಅನ್ನುತ್ತೆ. ಕೇಳೋದಕ್ಕೆ ಚೆಂದವೇ. ಆದರೆ ಪಿಟೀಲಿನ ಹಿಂದೆ ಸಾಥ್ ಕೊಡುವಾಗ ಗಿಲಿಗಿಲಿ ಜಾಸ್ತಿಯಾಗುತ್ತೆ. ಅದಕ್ಕೇ ಐರ್ಲೆಂಡಿನ ಅನೇಕರು ಜೋಡಿಯ ಎರಡು ತಂತಿಗೂ ಒಂದೇ ಸ್ವರ ಕೊಟ್ಟರು. ದನಿ ತುಂಬಿಕೊಂಡು ಬಂತು.

ಇನ್ನು ಹಿಂಬದಿ. ದುಂಡಗಿದ್ದದ್ದು ತೊಡೆಯ ಮೇಲೆ ಜಾರುತ್ತೆ. 1970ರ ಸುಮಾರಿಗೆ ಡೋನಲ್ ಲನಿ ಎಂಬ ವಾದಕರು ಇಂಗ್ಲೆಂಡಿನ ಪೀಟರ್ ಆಬ್ನೆಟ್ ಅವರಿಂದ ಬೇರೆಯದೇ ಬುಝುಕಿ ಮಾಡಿಸಿಕೊಂಡರು. ಅದರ ಮೈ ಗಿಟಾರಿನ ಹಾಗೆ, ಹಿಂಬದಿ ಅಷ್ಟು ದುಂಡಗಿಲ್ಲ. ಲನಿ ಎಡಗೈಯವರು. ಪ್ಲ್ಯಾಂಕ್ಸ್ಟಿ ಎಂಬ ಮೇಳದಲ್ಲಿ ಅವರು ಬುಝುಕಿ ನುಡಿಸಿದರು. ಈ ಮೇಳದಿಂದ ಬುಝುಕಿಯ ಹೆಸರು ದೇಶದಲ್ಲೆಲ್ಲ ಹರಡಿತು. ಆಮೇಲೆ ಹಿಂಬದಿ ಪೂರಾ ಚಪ್ಪಟೆಯಾದ ವಾದ್ಯಗಳೂ ಬಂದವು. ಈಗ ಇದಕ್ಕೆ ಐರಿಷ್ ಬುಝುಕಿ ಎಂದೇ ಹೆಸರು.

ಎಲ್ಲರೂ ಬದಲಾಯಿಸಿದರು ಅಂತ ತಿಳಿಯಬೇಡಿ. ಡಿ ಡ್ಯಾನನ್ ಮೇಳದ ಅಲೆಕ್ ಫಿನ್ ಅವರು ಗ್ರೀಸಿನ ಮೂರು ಜೋಡಿಯ ಬುಝುಕಿಯನ್ನೇ ಹಿಡಿದರು. ಸ, ಪ, ಸ ಶ್ರುತಿ. ಅದರಲ್ಲೇ ಐರ್ಲೆಂಡಿನ ಧಾಟಿಗಳಿಗೆ ಜೊತೆ ಕೊಟ್ಟರು. ಅವರು 2018ರಲ್ಲಿ ತೀರಿಕೊಂಡರು.